ಎತ್ತಂಗಡಿ, ಸಿಬಿಐ, ಎಮ್ಮೆಲ್ಲೆ ಲೆಟರ್: ವಿರೋಧ ಪಕ್ಷದ ಮಾತೆಷ್ಟು, ಕಾನೂನೆಷ್ಟು?

2016ರ ಜನವರಿಯಲ್ಲಿ ಕೂಡ್ಲಿಗಿಯ ಹೆಸರು ದಿಲ್ಲಿಯ ಸುದ್ದಿವಾಹಿನಿಗಳಲ್ಲೂ ಕೇಳಿಬಂತು. ಅಲ್ಲಿ ಡಿವೈಎಸ್ಪಿಯಾಗಿದ್ದ ಅನುಪಮಾ ಶೆಣೈ ಅವರನ್ನು ವಿಜಯಪುರ ಜಿಲ್ಲೆಯ ಇಂಡಿಗೆ ಎತ್ತಂಗಡಿ ಮಾಡಲಾಗಿತ್ತು. ಆಗ ಕಾರ್ಮಿಕ ಸಚಿವರೂ ಬಳ್ಳಾರಿ ಜಿಲ್ಲಾ ಉಸ್ತುವಾರಿಯೂ ಆಗಿದ್ದ ಹಡಗಲಿ ಶಾಸಕ ಪಿ.ಟಿ. ಪರಮೇಶ್ವರ ನಾಯ್ಕ ಅವರ ಫೋನ್ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದೇ ಇದಕ್ಕೆ ಕಾರಣ ಎಂಬ ಸುದ್ದಿ ಹಬ್ಬಿತು. ವರ್ಗಾವಣೆ ಮಾಡಿಸಿದ್ದು ತಾನೇ ಎಂದು ಸಚಿವರು ಹೇಳಿಕೊಂಡ ವಿಡಿಯೊ ದಿನವಿಡೀ ಓಡಿತು. ವಿರೋಧ ಪಕ್ಷವಾಗಿದ್ದ ಬಿಜೆಪಿ ಸಚಿವರ ರಾಜೀನಾಮೆ ಕೇಳಿತು. ಜನ ಬೀದಿಗಿಳಿದರು. ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು.

ಆದರೆ ಅದೇ ವರ್ಷ ಜೂನ್ 4ರಂದು, ಅಂಬೇಡ್ಕರ್ ಭವನದ ದಾರಿಯಲ್ಲಿದ್ದ ಮದ್ಯದಂಗಡಿಯೊಂದರ ಕಟ್ಟಡದ ತಕರಾರು ಬಿಸಿಯಾಗಿದ್ದ ಹೊತ್ತಿನಲ್ಲಿ, ಶೆಣೈ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ತಿಂಗಳ ಸಂಪುಟ ಪುನರ್‌ರಚನೆಯಲ್ಲಿ ಪರಮೇಶ್ವರ ನಾಯ್ಕ ಅವರೂ ಮಂತ್ರಿಗಿರಿ ಕಳೆದುಕೊಂಡರು. 2017ರ ನವೆಂಬರ್‌ನಲ್ಲಿ ಶೆಣೈ ‘ಭಾರತೀಯ ಜನಶಕ್ತಿ ಕಾಂಗ್ರೆಸ್’ ಎಂಬ ಪಕ್ಷ ಕಟ್ಟಿದರು. ಮರುವರ್ಷ ತವರು ಜಿಲ್ಲೆಯ ಕಾಪು ಕ್ಷೇತ್ರದಿಂದ ವಿಧಾನಸಭೆಗೆ ನಿಂತು ಸೋತರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಪೊಲೀಸರ ವಿಷಯ ಬಂದಾಗೆಲ್ಲ ಈ ಕಥೆ ಮೇಲೆ ಬರುತ್ತದೆ. ಜೊತೆಗೆ ವಿರೋಧ ಪಕ್ಷದವರು ವೇದಿಕೆಯಲ್ಲಿ ಆಡಿದ ಮಾತು, ಆಡಳಿತದವರು ಕೊಟ್ಟ ಉತ್ತರ, ಅರ್ಧ ಕೇಳಿದ ಕಾನೂನು ಎಲ್ಲ ಕಲಸಿಹೋಗುತ್ತವೆ. ವಿರೋಧ ಪಕ್ಷದಲ್ಲಿದ್ದಾಗ ಪೊಲೀಸ್ ಸುಧಾರಣೆಯ ಪಾಠ ಬಾಯಿಪಾಠ ಬಾರದ ಪಕ್ಷ ನಮ್ಮ ರಾಜ್ಯದಲ್ಲಿ ಒಂದೂ ಇಲ್ಲ. ಕುರ್ಚಿ ಸಿಕ್ಕ ಮೇಲೆ ಅದು ನೆನಪಿರುವ ಪಕ್ಷವೂ ಇಲ್ಲ. ಹಾಗಾಗಿ ಅವರ ಮಾತು ಎಲ್ಲಿ ಮುಗಿದು ಕಾನೂನು ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಿರಬೇಕಾದದ್ದು ನಮಗೇ.

ತಪ್ಪು ಕಲ್ಪನೆ: ಡಿವೈಎಸ್ಪಿಯನ್ನು ಎಲ್ಲಿಗೆ ಹಾಕಬೇಕು, ಎಲ್ಲಿಂದ ತೆಗೆಯಬೇಕು ಎಂಬುದು ಮಂತ್ರಿ, ಶಾಸಕರ ಹಕ್ಕು.

ವಾಸ್ತವ: ರೂಢಿ ಹಾಗಿದೆ, ಕಾನೂನು ಹಾಗಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನಗಳನ್ನು ಕೊಟ್ಟಿತು. ಪ್ರತಿ ರಾಜ್ಯದಲ್ಲೂ ಪೊಲೀಸ್ ಸಿಬ್ಬಂದಿ ಮಂಡಳಿ ಇರಬೇಕು, ಡಿವೈಎಸ್ಪಿ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ವರ್ಗಾವಣೆ, ನಿಯುಕ್ತಿಯನ್ನು ಹಿರಿಯ ಪೊಲೀಸ್ ಅಧಿಕಾರಿಗಳೇ ಇರುವ ಆ ಮಂಡಳಿ ತೀರ್ಮಾನಿಸಬೇಕು ಎಂಬುದು ಅವುಗಳಲ್ಲೊಂದು. ಮಂಡಳಿಯ ತೀರ್ಮಾನದಲ್ಲಿ ಸರ್ಕಾರ ಕೈ ಹಾಕಬಾರದೆಂದಿಲ್ಲ. ಆದರೆ ಅದು ಅಪರೂಪಕ್ಕೆ, ಕಾರಣವನ್ನು ಕಡತದಲ್ಲಿ ಬರೆದಿಟ್ಟು ಮಾಡಬೇಕಾದ ಕೆಲಸ. ‘ಫೋನ್ ಹೋಲ್ಡ್‌ನಲ್ಲಿ ಇಟ್ಟರು’ ಎಂಬ ಕಾರಣವನ್ನು ಯಾವ ಕಡತದಲ್ಲಿ ಬರೆಯುತ್ತಾರೆ?

ಆ ತೀರ್ಪು ಬಂದ ದಿನ ಕರ್ನಾಟಕದ ಗೃಹ ಸಚಿವರಾಗಿದ್ದವರು ಇದೇ ಸೀಮೆಯವರು. ಹೂವಿನಹಡಗಲಿಯ ಎಂ.ಪಿ. ಪ್ರಕಾಶ್. ಓದಿದವರು, ನಾಟಕ ಬಲ್ಲವರು, ವಿರೋಧ ಪಕ್ಷದವರೂ ಗೌರವದಿಂದ ಮಾತಾಡಿಸುತ್ತಿದ್ದ ಮನುಷ್ಯ. ಅವರ ಸರ್ಕಾರ 2007ರಲ್ಲಿ ಬಿತ್ತು. ತೀರ್ಪಿಗೆ ತಕ್ಕಂತೆ ರಾಜ್ಯದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ, ಬಿಜೆಪಿ ಸರ್ಕಾರದ ಕಾಲದಲ್ಲಿ. ಆಗ ಗೃಹ ಸಚಿವರಾಗಿದ್ದವರು ಆರ್. ಅಶೋಕ. 2023ರಿಂದ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿ, ಕಾಂಗ್ರೆಸ್ ಸರ್ಕಾರದಲ್ಲಿ ಪೊಲೀಸ್ ವರ್ಗಾವಣೆ ದಂಧೆಯಾಗಿದೆ, ಕಾನೂನು ಸುವ್ಯವಸ್ಥೆ ಕುಸಿದಿದೆ ಎಂದು ದೂರುತ್ತಿರುವವರೂ ಅವರೇ. ಅವರ ದೂರನ್ನು ಸುಮ್ಮನೆ ತಳ್ಳಿಹಾಕಬೇಕಿಲ್ಲ. ಆದರೆ ಸಿಬ್ಬಂದಿ ಮಂಡಳಿ ಕಾಯ್ದೆಗೆ ಬಂದದ್ದು ತಮ್ಮ ಅವಧಿಯಲ್ಲೇ ಅಲ್ಲವೇ, ಆಮೇಲೆ ಬಂದ ತಮ್ಮದೇ ಪಕ್ಷದ ಸರ್ಕಾರದಲ್ಲಿ ಶಾಸಕರ ಶಿಫಾರಸು ಪತ್ರಗಳು ನಿಂತಿದ್ದವೇ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಮಾತು. ಕಾನೂನು ಸುವ್ಯವಸ್ಥೆಯ ಹೊಣೆ ಹೊತ್ತ ಪೊಲೀಸ್ ಅಧಿಕಾರಿಗಳು ಒಂದೆಡೆ ಕನಿಷ್ಠ ಎರಡು ವರ್ಷವಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಕರ್ನಾಟಕ ಅದನ್ನು ಒಂದೇ ವರ್ಷಕ್ಕೆ ಇಳಿಸಿಕೊಂಡಿತ್ತು. 2024ರಲ್ಲಿ ಕಾಂಗ್ರೆಸ್ ಸರ್ಕಾರ ತಿದ್ದುಪಡಿ ತಂದು ಮತ್ತೆ ಎರಡು ವರ್ಷ ಮಾಡಿತು. ಗೃಹ ಸಚಿವರು ಜಿ. ಪರಮೇಶ್ವರ. ಕೂಡ್ಲಿಗಿ ಪ್ರಕರಣ ನಡೆದಾಗಲೂ ಅದೇ ಖಾತೆಯಲ್ಲಿದ್ದವರು ಅವರೇ.

ತಪ್ಪು ಕಲ್ಪನೆ: ವರ್ಗಾವಣೆ ಎಂಬುದು ಆ ಅಧಿಕಾರಿಯ ಸ್ವಂತ ತಾಪತ್ರಯ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ನಮಗೇನು?

ವಾಸ್ತವ: ವಿರೋಧ ಪಕ್ಷದವರು ಕೂಡ ಎಡವುವುದು ಇಲ್ಲೇ. ಅವರ ಭಾಷಣದಲ್ಲಿ ದಿಟ್ಟ ಅಧಿಕಾರಿ ಇರುತ್ತಾರೆ, ದುಷ್ಟ ಮಂತ್ರಿ ಇರುತ್ತಾರೆ, ಆ ಕುರ್ಚಿಯ ಎದುರು ಅರ್ಜಿ ಹಿಡಿದು ನಿಂತವನ ಸುದ್ದಿ ಇರುವುದಿಲ್ಲ. ಡಿವೈಎಸ್ಪಿಯ ಸಹಿ ಎಲ್ಲೆಲ್ಲಿ ಬೇಕು ನೋಡೋಣ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ನಿಯಮದ ಪ್ರಕಾರ, ಆ ಪ್ರಕರಣದ ತನಿಖೆಯನ್ನು ಡಿವೈಎಸ್ಪಿಗಿಂತ ಕೆಳಗಿನ ದರ್ಜೆಯವರು ಮಾಡುವಂತಿಲ್ಲ. ಪಿಎಸ್‌ಐ ಎಫ್‌ಐಆರ್ ಹಾಕಬಹುದು. ಸ್ಥಳಕ್ಕೆ ಬಂದು ಸಾಕ್ಷಿಗಳ ಹೇಳಿಕೆ ಪಡೆದು, 60 ದಿನಗಳೊಳಗೆ ದೋಷಾರೋಪ ಪಟ್ಟಿಯನ್ನು ಕೋರ್ಟಿಗೆ ಮುಟ್ಟಿಸಬೇಕಾದ ಹೊಣೆ ಮೇಲಿನವರದು. ಈಗ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಪ್ರತ್ಯೇಕ ಠಾಣೆಗಳನ್ನು ಕೊಟ್ಟು ಈ ಹೊರೆಯನ್ನು ಅತ್ತ ಸರಿಸಲಾಗುತ್ತಿದೆ. ದರ್ಜೆಯ ನಿಯಮ ಮಾತ್ರ ಬದಲಾಗಿಲ್ಲ. ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಇಂಥ ಸೀಮೆಯಲ್ಲಿ ಡಿವೈಎಸ್ಪಿ ಕುರ್ಚಿ ಆರು ತಿಂಗಳಿಗೊಮ್ಮೆ ಅಲುಗಾಡಿದರೆ ಆ 60 ದಿನಗಳ ಗಡುವು ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಂದ ಹೊಸಬರು ಕಡತ ಓದಿ ಮುಗಿಸುವಷ್ಟರಲ್ಲಿ ಸಾಕ್ಷಿಗಳು ಬೆಂಗಳೂರಿಗೋ ಮಂಡ್ಯದ ಕಬ್ಬು ಕಡಿಯಲಿಕ್ಕೋ ಗುಳೆ ಹೋಗಿರುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಕುರ್ಚಿಯ ತೂಕವನ್ನು ಇನ್ನಷ್ಟು ಹೆಚ್ಚಿಸಿದೆ. ಮೂರು ವರ್ಷದಿಂದ ಮೇಲ್ಪಟ್ಟು ಏಳು ವರ್ಷದೊಳಗೆ ಶಿಕ್ಷೆಯಾಗಬಹುದಾದ ಅಪರಾಧದ ದೂರು ಬಂದರೆ, ಎಫ್‌ಐಆರ್ ಹಾಕುವ ಮುಂಚೆ 14 ದಿನಗಳ ಪ್ರಾಥಮಿಕ ವಿಚಾರಣೆ ಮಾಡಲು ಠಾಣಾಧಿಕಾರಿಗೆ ಅವಕಾಶವಿದೆ. ಅದಕ್ಕೆ ಡಿವೈಎಸ್ಪಿಯ ಪೂರ್ವಾನುಮತಿ ಬೇಕು. ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಿ ಅಂಥ ವಿಚಾರಣೆಯೇ ಬೇಕಿಲ್ಲವೆಂದು 2018ರ ತಿದ್ದುಪಡಿ ಹೇಳುತ್ತದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ವರ್ಷ ದಾಟಿದವರನ್ನೋ ಅಶಕ್ತರನ್ನೋ ಬಂಧಿಸಲೂ ಡಿವೈಎಸ್ಪಿಯ ಅನುಮತಿ ಬೇಕು. ಹೊಲದ ಬದುವಿನ ಜಗಳದಲ್ಲಿ ಮುದುಕನನ್ನು ಠಾಣೆಗೆ ಎಳೆದೊಯ್ಯುವುದು ನಮ್ಮ ಕಡೆ ಹೊಸದಲ್ಲ. ಅದನ್ನು ತಡೆಯಬೇಕಾದ ಸಹಿ ಎಮ್ಮೆಲ್ಲೆ ಮುಖ ನೋಡಿ ಬೀಳಬೇಕೋ, ಕಾಗದ ನೋಡಿ ಬೀಳಬೇಕೋ? ವರ್ಗಾವಣೆಯ ಪ್ರಶ್ನೆ ಅಧಿಕಾರಿಯ ಮಾನದ ಪ್ರಶ್ನೆ ಮಾತ್ರ ಅಲ್ಲ ಎನ್ನುವುದು ಇದಕ್ಕೇ.

ತಪ್ಪು ಕಲ್ಪನೆ: ವಿರೋಧ ಪಕ್ಷದವರು ಪೊಲೀಸ್ ಇಲಾಖೆ ಬಗ್ಗೆ ಕೂಗುವುದೆಲ್ಲ ಬರೀ ರಾಜಕೀಯ.

ವಾಸ್ತವ: ರಾಜಕೀಯವೇ, ಆದರೆ ‘ಬರೀ’ ಅಲ್ಲ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣವನ್ನು ತೆಗೆದುಕೊಳ್ಳಿ. 2021ರ ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಧಿಕಾರದಲ್ಲಿದ್ದದ್ದು ಬಿಜೆಪಿ, ಗೃಹ ಸಚಿವರು ಆರಗ ಜ್ಞಾನೇಂದ್ರ. ಅಕ್ರಮವಿಲ್ಲ ಎಂದೇ ಮೊದಲು ಸರ್ಕಾರದ ಉತ್ತರ. ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಬಿಡದೆ ಹಿಡಿದು ಜಗ್ಗಿತು. ಸಿಐಡಿ ತನಿಖೆ ಕಲಬುರಗಿಯ ಪರೀಕ್ಷಾ ಕೇಂದ್ರದಿಂದ ಶುರುವಾಗಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನದವರೆಗೆ ಹೋಯಿತು. 2024ರ ಜನವರಿಯಲ್ಲಿ ಮರುಪರೀಕ್ಷೆಯಾಯಿತು. ಸದನದಲ್ಲಿ, ಬೀದಿಯಲ್ಲಿ ಆ ಗದ್ದಲ ಆಗದಿದ್ದರೆ ದುಡ್ಡು ಕೊಟ್ಟು ಸ್ಟಾರ್ ಹಚ್ಚಿಕೊಂಡವರು ಇವತ್ತು ಯಾವುದೋ ತಾಲ್ಲೂಕಿನ ಠಾಣೆಯಲ್ಲಿ ಕೂತು, ಕೊಟ್ಟದ್ದನ್ನು ಬಡ್ಡಿ ಸಮೇತ ಎತ್ತುತ್ತಿದ್ದರು. ಪ್ರಾಮಾಣಿಕವಾಗಿ ಬರೆದು ಪಾಸಾದ ಹುಡುಗರೂ ಎರಡು ವರ್ಷ ಕಾಯಬೇಕಾಯಿತು, ಅದು ಬೇರೆ ಸಂಕಟ.

ತಪ್ಪು ಕಲ್ಪನೆ: ಸಿಬಿಐಗೆ ಕೊಟ್ಟರೆ ಸತ್ಯ ಹೊರಗೆ ಬರುತ್ತದೆ. ಕೊಡದಿದ್ದರೆ ಸರ್ಕಾರ ಏನೋ ಮುಚ್ಚಿಡುತ್ತಿದೆ.

ವಾಸ್ತವ: ವಿರೋಧ ಪಕ್ಷಗಳ ನಾಲಗೆಯ ಮೇಲೆ ಇಷ್ಟು ಸಲೀಸಾಗಿ ಹೊರಳುವ ಬೇಡಿಕೆ ಇನ್ನೊಂದಿಲ್ಲ. ಅದರ ಚರಿತ್ರೆಯಲ್ಲಿ ನಮ್ಮ ಹಳೆಯ ಬಳ್ಳಾರಿ ಜಿಲ್ಲೆಗೇ ದೊಡ್ಡ ಪಾಲಿದೆ.

2010ರ ಜುಲೈ 25ರಂದು ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ನಾಯಕರು ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟರು. ಆಗಸ್ಟ್ 9ರಂದು ಬಳ್ಳಾರಿ ಮುಟ್ಟಿದರು, ಸುಮಾರು 320 ಕಿ.ಮೀ. ಅಕ್ರಮ ಗಣಿಗಾರಿಕೆಯನ್ನು ಸಿಬಿಐಗೆ ಕೊಡಿ ಎಂಬುದೇ ಆ ಯಾತ್ರೆಯ ಮುಖ್ಯ ಬೇಡಿಕೆ. ಯಡಿಯೂರಪ್ಪ ಸರ್ಕಾರ ಒಪ್ಪಲಿಲ್ಲ, ಲೋಕಾಯುಕ್ತವೇ ಸಾಕು ಎಂದಿತು. ಈಗ 2024ರ ಸೆಪ್ಟೆಂಬರ್‌ಗೆ ಬನ್ನಿ. ಅದೇ ಸಿದ್ದರಾಮಯ್ಯನವರ ಸಂಪುಟ, ಸಿಬಿಐಗೆ ರಾಜ್ಯ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನೇ ಹಿಂಪಡೆಯಿತು. ಸಿಬಿಐ ಕೇಂದ್ರದ ಕೈಗೊಂಬೆ ಎಂಬುದು ಈಗ ಕಾಂಗ್ರೆಸ್ಸಿನ ವಾದ. ಸಿಬಿಐ ಬೇಕೇ ಬೇಕು ಎಂಬುದು ಈಗ ಬಿಜೆಪಿಯ ವಾದ. ಪಾತ್ರಧಾರಿಗಳು ಬದಲಾದರು, ಸಂಭಾಷಣೆ ಅದೇ ಉಳಿಯಿತು.

ಕಾನೂನು ಏನು? ಸಿಬಿಐ ನಡೆಯುವುದು 1946ರ ದಿಲ್ಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಅಡಿಯಲ್ಲಿ. ಅದರ 6ನೇ ಕಲಂ ಪ್ರಕಾರ ರಾಜ್ಯದೊಳಗೆ ತನಿಖೆಗೆ ಬರಲು ರಾಜ್ಯದ ಒಪ್ಪಿಗೆ ಬೇಕು, ಏಕೆಂದರೆ ಸಂವಿಧಾನದಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಸಾಮಾನ್ಯ ಒಪ್ಪಿಗೆ ಹಿಂಪಡೆದರೆ ಸಿಬಿಐಗೆ ಬಾಗಿಲು ಪೂರ್ತಿ ಮುಚ್ಚಿತು ಎಂದೂ ಅಲ್ಲ. ಪ್ರಕರಣ ನೋಡಿ ರಾಜ್ಯವೇ ಒಪ್ಪಬಹುದು. ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳು ರಾಜ್ಯದ ಒಪ್ಪಿಗೆ ಇಲ್ಲದೆಯೂ ಆದೇಶಿಸಬಹುದು, ಇದು 2010ರಲ್ಲೇ ಸಂವಿಧಾನ ಪೀಠ ಇತ್ಯರ್ಥ ಮಾಡಿದ ಸಂಗತಿ.

ಇನ್ನು ಸಿಬಿಐ ಬಂದ ಮೇಲೆ ಏನಾಗುತ್ತದೆ? 2015ರಲ್ಲಿ ಐಎಎಸ್ ಅಧಿಕಾರಿ ಡಿ.ಕೆ. ರವಿ ತೀರಿಕೊಂಡಾಗ ಅದು ಕೊಲೆಯೇ ಎಂಬಂತೆ ರಾಜ್ಯ ಹೊತ್ತಿ ಉರಿಯಿತು. ಸಿದ್ದರಾಮಯ್ಯ ಸರ್ಕಾರ ಕೊನೆಗೆ ಸಿಬಿಐಗೆ ಒಪ್ಪಿಸಿತು. ಸಿಬಿಐ ಕೂಡ ಆತ್ಮಹತ್ಯೆ ಎಂದೇ ಹೇಳಿತು. 2016ರ ಜುಲೈನಲ್ಲಿ, ಅಂದರೆ ಕೂಡ್ಲಿಗಿಯ ರಾಜೀನಾಮೆಯಾಗಿ ಒಂದು ತಿಂಗಳ ಮೇಲೆ, ಡಿವೈಎಸ್ಪಿ ಎಂ.ಕೆ. ಗಣಪತಿ ಮಡಿಕೇರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಹೆಸರಿಸಿದ್ದ ಸಚಿವ ಕೆ.ಜೆ. ಜಾರ್ಜ್ ರಾಜೀನಾಮೆ ಕೊಡಬೇಕಾಯಿತು. ಬಿಜೆಪಿ ಸಿಬಿಐ ತನಿಖೆಗೆ ಪಟ್ಟು ಹಿಡಿಯಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಸಿಬಿಐ 2019ರಲ್ಲಿ ಜಾರ್ಜ್ ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದು ಪ್ರಕರಣ ಮುಗಿಸುವ ವರದಿ ಸಲ್ಲಿಸಿತು. ಇನ್ನು ಗಣಿಯ ಕಥೆ. ಆಂಧ್ರದ ಓಬಳಾಪುರಂ ಪ್ರಕರಣದಲ್ಲಿ ಸಿಬಿಐ ಗಣಿ ಉದ್ಯಮಿ ಜನಾರ್ದನ ರೆಡ್ಡಿಯವರನ್ನು ಬಂಧಿಸಿದ್ದು 2011ರ ಸೆಪ್ಟೆಂಬರ್ 5ರಂದು. ವಿಶೇಷ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಬಂಧನದಿಂದ ತೀರ್ಪಿಗೆ ಸುಮಾರು 14 ವರ್ಷ. ಸಿಬಿಐ ಎಂದರೆ ವಿರೋಧ ಪಕ್ಷ ಹೇಳಿದ್ದಕ್ಕೆ ಮುದ್ರೆ ಒತ್ತುವ ಕಚೇರಿಯಲ್ಲ, ಬೇಗ ಮುಗಿಸುವ ಕಚೇರಿಯಂತೂ ಅಲ್ಲ.

ತಪ್ಪು ಕಲ್ಪನೆ: ಸರ್ಕಾರ ಮನಸ್ಸು ಮಾಡಿದರೆ ಯಾವ ಕೇಸನ್ನಾದರೂ ವಾಪಸ್ ತೆಗೆಯಬಹುದು.

ವಾಸ್ತವ: ಸಂಪುಟದ ತೀರ್ಮಾನದಿಂದ ಕೇಸು ವಜಾ ಆಗುವುದಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ. ಎರಡರಲ್ಲೂ ಕೇಸು ಹಿಂಪಡೆಯಲು ಅರ್ಜಿ ಹಾಕಬೇಕಾದವರು ಸರ್ಕಾರಿ ಅಭಿಯೋಜಕರು, ಅದೂ ಸ್ವಂತ ವಿವೇಚನೆಯಿಂದ. ಒಪ್ಪಿಗೆ ಕೊಡಬೇಕಾದದ್ದು ನ್ಯಾಯಾಲಯ.

ಎರಡೂ ಪಕ್ಷಗಳು ಈ ಗೆರೆ ದಾಟಲು ಹೋಗಿ ಸಿಕ್ಕಿಬಿದ್ದಿವೆ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ ಸಚಿವರು, ಶಾಸಕರು ಮತ್ತಿತರರ ಮೇಲಿನ 61 ಪ್ರಕರಣ ಹಿಂಪಡೆಯಲು ಆದೇಶಿಸಿತು. ಆಗಿನ ಸಚಿವ, ಹೊಸಪೇಟೆಯ ಆನಂದ್ ಸಿಂಗ್ ಅವರ ಹೆಸರೂ ಪಟ್ಟಿಯಲ್ಲಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಪ್ರಶ್ನಿಸಿತು, ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆಗ ಕಾಂಗ್ರೆಸ್ ನೀತಿಪಾಠ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 2022ರ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣ ಹಿಂಪಡೆಯಲು ಆದೇಶ ಹೊರಡಿಸಿತು. ಈಗ ನೀತಿಪಾಠ ಬಿಜೆಪಿಯ ಸರದಿ. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಎರಡು ಸಲವೂ ಕಾನೂನು ಏನೆಂದು ನೆನಪು ಮಾಡಿಕೊಟ್ಟದ್ದು ಕೋರ್ಟೇ.

ರೈತರ ಮೇಲೆ, ಕನ್ನಡ ಹೋರಾಟಗಾರರ ಮೇಲೆ ಹಾಕಿದ ಸಣ್ಣಪುಟ್ಟ ಕೇಸುಗಳೂ ಇಂಥ ಪಟ್ಟಿಗಳಲ್ಲಿ ಇರುತ್ತವೆ, ನಿಜ. ಅವನ್ನು ಮುಂದೆ ಬಿಟ್ಟು ಹಿಂದೆ ದೊಡ್ಡವರ ಕೇಸು ತೂರಿಸುವುದು ಹಳೆಯ ಉಪಾಯ.

ತಪ್ಪು ಕಲ್ಪನೆ: ಹೊಸ ಕಾನೂನಿನಲ್ಲಿ ಪೊಲೀಸರು ಯಾರನ್ನು ಬೇಕಾದರೂ 90 ದಿನ ಠಾಣೆಯಲ್ಲಿ ಇಟ್ಟುಕೊಳ್ಳಬಹುದು.

ವಾಸ್ತವ: ಕೇಂದ್ರದ ಮಟ್ಟದಲ್ಲಿ ವಿರೋಧ ಪಕ್ಷವಾಗಿರುವ ಕಾಂಗ್ರೆಸ್ಸಿನ ಸಭೆಗಳಲ್ಲಿ ಈ ಮಾತು ಹಲವು ರೂಪದಲ್ಲಿ ಕೇಳಿಬಂತು. ಆತಂಕಕ್ಕೆ ಕಾರಣವಿದೆ, ಲೆಕ್ಕ ಮಾತ್ರ ತಪ್ಪು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಹಾಗೆಯೇ ಇದೆ. ಪೊಲೀಸ್ ಕಸ್ಟಡಿಯ ಒಟ್ಟು ಮಿತಿ ಈಗಲೂ 15 ದಿನವೇ. ಬದಲಾದದ್ದೇನೆಂದರೆ, ಹಿಂದೆ ಆ 15 ದಿನ ಬಂಧನದ ಮೊದಲ ಹದಿನೈದು ದಿನಗಳಲ್ಲೇ ಮುಗಿಯಬೇಕಿತ್ತು. ಈಗ ಅಪರಾಧದ ಗಂಭೀರತೆ ನೋಡಿಕೊಂಡು ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಜಾಮೀನು ಇನ್ನೇನು ಸಿಕ್ಕಿತು ಎನ್ನುವಾಗ ಪೊಲೀಸರು ಮತ್ತೆ ಎರಡು ದಿನ ಕಸ್ಟಡಿ ಕೇಳಿದರೆ ವಕೀಲರು ಏನು ಮಾಡಬೇಕು? ಟೀಕೆಗೆ ಜೀವ ಇರುವುದು ಈ ಪ್ರಶ್ನೆಯಲ್ಲಿ. 90 ದಿನ ಎಂದು ಉಬ್ಬಿಸಿದರೆ ಆಡಳಿತ ಪಕ್ಷದವರು ಒಂದೇ ವಾಕ್ಯದಲ್ಲಿ ಸುಳ್ಳೆಂದು ತೋರಿಸಿ ನಕ್ಕು ಹೋಗುತ್ತಾರೆ, ಅಸಲು ಪ್ರಶ್ನೆ ಬಿದ್ದುಹೋಗುತ್ತದೆ.

ಈ ಹೊಸ ಕಾನೂನುಗಳ ಮಸೂದೆಗಳು 2023ರ ಡಿಸೆಂಬರ್‌ನಲ್ಲಿ ಪಾಸಾದಾಗ ವಿರೋಧ ಪಕ್ಷಗಳ 146 ಸಂಸದರು ಅಮಾನತಿನಲ್ಲಿದ್ದರು. ದೇಶದ ಅಪರಾಧ ಕಾನೂನು ಪೂರ್ತಿ ಬದಲಾಗುವಾಗ ಎದುರು ಸಾಲು ಬಹುಪಾಲು ಖಾಲಿ ಇತ್ತು ಎಂಬುದು ಹೆಮ್ಮೆಪಡುವ ವಿಷಯ ಖಂಡಿತ ಅಲ್ಲ.

ಗದಗಿನ ಎಚ್.ಕೆ. ಪಾಟೀಲರು ಕಾನೂನು ಸಚಿವರಾಗಿ ಎತ್ತಿದ ಇನ್ನೊಂದು ಆಕ್ಷೇಪ ಉಪವಾಸ ಸತ್ಯಾಗ್ರಹದ್ದು. ಸರ್ಕಾರಿ ನೌಕರನ ಕೆಲಸ ತಡೆಯಲು ಅಥವಾ ಅವನಿಂದ ಕೆಲಸ ಮಾಡಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 226ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಶಿಕ್ಷೆ. ಧರಣಿ ಕೂತರೆ, ಒಂದು ದಿನ ಉಪವಾಸ ಮಾಡಿದರೆ ಇದು ಅನ್ವಯಿಸುವುದಿಲ್ಲ. ಆಮರಣಾಂತ ಉಪವಾಸಕ್ಕೆ ಅನ್ವಯಿಸುತ್ತದೋ ಇಲ್ಲವೋ ಎಂಬಲ್ಲಿ ಮಾತ್ರ ಜಾಗ ತೆರೆದೇ ಇದೆ. ಸಂವಿಧಾನದ 371(ಜೆ) ವಿಧಿಯ ಸವಲತ್ತಿಗಾಗಿ ವರ್ಷಗಟ್ಟಲೆ ಹೋರಾಡಿದ ಹರಪನಹಳ್ಳಿಯವರಿಗೆ ಇದು ದೂರದ ವಿಷಯವಲ್ಲ. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯ ತಿದ್ದುಪಡಿ ತರಬಹುದು. ಆದರೆ ಕೇಂದ್ರದ ಕಾನೂನಿಗೆ ವಿರುದ್ಧವಾದ ತಿದ್ದುಪಡಿ ಊರ್ಜಿತವಾಗಲು ರಾಷ್ಟ್ರಪತಿಗಳ ಅಂಕಿತ ಬೇಕು. ‘ನಾವು ಜಾರಿ ಮಾಡುವುದೇ ಇಲ್ಲ’ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ, ಅಧಿಕಾರ ಅಷ್ಟಿಲ್ಲ.

ತಪ್ಪು ಕಲ್ಪನೆ: ‘ಎನ್‌ಕೌಂಟರ್ ಮಾಡಿ’ ಎಂದು ಒತ್ತಾಯಿಸಿದರೆ ಸರ್ಕಾರ ಮಾಡಿಸಬಹುದು.

ವಾಸ್ತವ: ಹಾಗೆ ಆದೇಶ ಕೊಡುವ ಅಧಿಕಾರ ಯಾರಿಗೂ ಇಲ್ಲ. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಬೇರೆ ಠಾಣೆಯವರೋ ಸಿಐಡಿಯೋ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ‘ಎನ್‌ಕೌಂಟರ್ ಮಾಡಿ’ ಎಂದು ಮಾಜಿ ಸಚಿವರೂ ಕೂಗುವುದುಂಟು. ಗೊತ್ತಿಲ್ಲದೆ ಕೂಗುವುದಲ್ಲ.

ತಪ್ಪು ಕಲ್ಪನೆ: 2016ರ ಜೂನ್ 4ರಂದು ರಾಜ್ಯದ ಪೊಲೀಸರೆಲ್ಲ ಮುಷ್ಕರ ಹೂಡಿದ್ದರು, ವಿರೋಧ ಪಕ್ಷ ಅವರಿಗೆ ಸಂಬಳ ಕೊಡಿಸಿತು.

ವಾಸ್ತವ: ಶೆಣೈ ರಾಜೀನಾಮೆಯ ದಿನವೇ ಸಾಮೂಹಿಕ ರಜೆಯ ಕರೆ ಇತ್ತು. ಸರ್ಕಾರ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಜಾರಿ ಮಾಡಿ, ಕರೆ ಕೊಟ್ಟ ಸಂಘಟನೆಯ ಮುಖಂಡರನ್ನು ಬಂಧಿಸಿತು. ಬಹುಪಾಲು ಸಿಬ್ಬಂದಿ ಅಂದು ಕೆಲಸಕ್ಕೆ ಬಂದರು. ಪೊಲೀಸರು ಕಾರ್ಮಿಕ ಸಂಘ ಕಟ್ಟುವುದನ್ನು 1966ರ ಕೇಂದ್ರ ಕಾಯ್ದೆಯೇ ನಿರ್ಬಂಧಿಸಿದೆ. ವೇತನ, ವಾರದ ರಜೆ, ಸಾಹೇಬರ ಮನೆಯ ಆರ್ಡರ್ಲಿ ಕೆಲಸ, ಇವು ಅವರ ಬೇಡಿಕೆಗಳು. ರಾಘವೇಂದ್ರ ಔರಾದಕರ್ ಸಮಿತಿ ವೇತನ ಹೆಚ್ಚಿಸಲು ಶಿಫಾರಸು ಮಾಡಿತು. ಭಾಗಶಃ ಜಾರಿಯಾದದ್ದು 2019ರ ಆಗಸ್ಟ್‌ನಿಂದ. ಅಷ್ಟರಲ್ಲಿ ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಪಕ್ಷಗಳು ಆಡಳಿತದಲ್ಲೂ ವಿರೋಧದಲ್ಲೂ ಕೂತು ಎದ್ದಿದ್ದವು, ಶ್ರೇಯಸ್ಸಿಗೆ ವಾರಸುದಾರರೂ ಮೂವರಾದರು. ಮೈಲಾರದ ಕಾರ್ಣಿಕಕ್ಕೋ ಕೊಟ್ಟೂರಿನ ತೇರಿಗೋ ಬಂದೋಬಸ್ತಿಗೆ ನಿಂತ ಪೇದೆಯನ್ನು ಕೇಳಿ ನೋಡಿ. ರಾತ್ರಿಯೆಲ್ಲ ನಿಂತು, ಶಾಲೆಯ ಜಗಲಿಯ ಮೇಲೆ ಟವೆಲ್ ಹಾಸಿ ಎರಡು ತಾಸು ಮಲಗಿ, ಮತ್ತೆ ಶೂ ಕಟ್ಟಿದವನಿಗೆ ಯಾವ ಪಕ್ಷ ಕೊಡಿಸಿತು ಎಂಬುದಕ್ಕಿಂತ ವಾರದ ರಜೆ ಸಿಗುತ್ತದೋ ಇಲ್ಲವೋ ಎಂಬುದೇ ದೊಡ್ಡದು.

ತಪ್ಪು ಕಲ್ಪನೆ: ‘ಇದು ನಮ್ಮ ಠಾಣೆಗೆ ಬರಲ್ಲ’ ಎಂದರೆ ವಾಪಸ್ ಬರಬೇಕು.

ವಾಸ್ತವ: ಹರಪನಹಳ್ಳಿಯವರಿಗಿಂತ ಚೆನ್ನಾಗಿ ಈ ಅಲೆದಾಟ ಗೊತ್ತಿರುವವರು ಕಡಿಮೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಗೆ ಸೇರಿದರು. ಎಸ್ಪಿ ಕಚೇರಿ ಮೂರು ಊರು ಸುತ್ತಿತು. ಎಲ್ಲೇ ಅಪರಾಧ ನಡೆದಿರಲಿ, ದೂರು ಒಯ್ದ ಠಾಣೆಯವರೇ ಅದನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಜನ ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಹಿಂದೆ ಸುತ್ತೋಲೆಗಳಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ.

ತಪ್ಪು ಕಲ್ಪನೆ: ಎಮ್ಮೆಲ್ಲೆ ಲೆಟರ್ ಇಲ್ಲದೆ ಎಫ್‌ಐಆರ್ ಆಗೋದಿಲ್ಲ.

ವಾಸ್ತವ: ಸೋಮವಾರ ಬೆಳಿಗ್ಗೆ ಯಾವ ಶಾಸಕರ ಮನೆಯ ಮುಂದೆ ಬೇಕಾದರೂ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್ ಜೆರಾಕ್ಸ್, ಆಸ್ಪತ್ರೆಯ ಚೀಟಿ ಸುತ್ತಿಕೊಂಡು ನಿಂತವರಲ್ಲಿ ಅರ್ಧ ಮಂದಿ ಠಾಣೆಯ ಕೆಲಸಕ್ಕೇ ಬಂದಿರುತ್ತಾರೆ. “ಸಾಹೇಬ್ರು ಒಂದು ಫೋನ್ ಮಾಡಿದ್ರ ಸಾಕ್ರಿ” ಎಂಬ ಮಾತು. ಶಾಸಕರು ಯಾವ ಪಕ್ಷದವರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. 2023ರ ಚುನಾವಣೆಯಲ್ಲಿ ಈ ಸೀಮೆ ಹಡಗಲಿಯಲ್ಲಿ ಬಿಜೆಪಿಯನ್ನು, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್ಸನ್ನು, ಕೂಡ್ಲಿಗಿಯಲ್ಲಿ ಕಾಂಗ್ರೆಸ್ಸನ್ನು, ಹರಪನಹಳ್ಳಿಯಲ್ಲಿ ಎಂ.ಪಿ. ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ ಅವರನ್ನು ಪಕ್ಷೇತರರಾಗಿ ಗೆಲ್ಲಿಸಿತು. ಒಂದೇ ಜಿಲ್ಲೆ, ನಾಲ್ಕು ಬಣ್ಣ. ಠಾಣೆಯ ದಾರಿ ಮಾತ್ರ ನಾಲ್ಕೂ ಕಡೆ ಶಾಸಕರ ಮನೆಯ ಮುಂದೆಯೇ ಹಾದುಹೋಗುತ್ತದೆ. ಹಾಗಿರುವಾಗ ಮಂತ್ರಿ ಫೋನಿಗೆ ಡಿವೈಎಸ್ಪಿ ಎದ್ದು ನಿಲ್ಲಬೇಕೆಂದು ಬಯಸಿದ್ದರಲ್ಲಿ ಆಶ್ಚರ್ಯವೇನು? ಆ ಫೋನ್ ಮಾಡಿಸುವವರಲ್ಲಿ ನಾವೂ ಇದ್ದೇವೆ.

ಪೊಲೀಸರೇ ನೇರ ತನಿಖೆಗೆ ಇಳಿಯಬಹುದಾದಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಮೇಲೆ ಹೇಳಿದ 14 ದಿನಗಳ ವಿಚಾರಣೆಯೂ ದೂರನ್ನು ಮೂಲೆಗೆಸೆಯಲು ಕೊಟ್ಟ ರಹದಾರಿಯಲ್ಲ. ದಾಖಲಾದ ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಪೊಲೀಸರ ದುರ್ನಡತೆಯ ವಿರುದ್ಧ ದೂರು ಪ್ರಾಧಿಕಾರಗಳೂ 2012ರ ತಿದ್ದುಪಡಿಯಿಂದಲೇ ಕಾಯ್ದೆಯಲ್ಲಿವೆ, ಇವುಗಳ ಬಗ್ಗೆ ಯಾವ ಪಕ್ಷದ ಭಾಷಣದಲ್ಲೂ ಒಂದು ಮಾತು ಕೇಳಿದ ನೆನಪಿಲ್ಲ.

ಆದ್ದರಿಂದ ಮುಂದಿನ ಸಲ ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಶಾಸಕರ ಮನೆಗೆ ಹೋಗಬೇಡಿ. ಅದೇ ದೂರನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಹೊಸಪೇಟೆಯ ಎಸ್ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅಲ್ಲೂ ಕೆಲಸ ಆಗದಿದ್ದರೆ ಆ ರಸೀದಿಯ ಸಮೇತ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ.